ಹಳೆಯ ಜಾವಾ, ಯೆಜ್ಡಿ ಹರಾಜಿಗಿಡುವವರು ದಯವಿಟ್ಟು ಓದಿ

ಅಪ್ಪನ 1966ರ ಜಾವಾ ಬೈಕನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿ ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಕೊಡಗಿನ ತೋಟದ ಮನೆಗಳ ಶೆಡ್ಡುಗಳಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಇಂತಹ ಗಾಡಿಗಳು ಇನ್ನೂ ಎಷ್ಟೋ ನಿಂತಿವೆ. ಅವುಗಳ ಒಡೆಯರಿಗೆ ನನಗೆ ಆದದ್ದು ಆಗಬಾರದು.

ನಮ್ಮದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿ ಗಾಡಿ. ಕಿಕ್ಕರ್ ಹೊಡೆದು ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಎಡಗಡೆಯ ಲಿವರ್, ಎರಡು ಬದಿಯಲ್ಲೂ ಸೈಲೆನ್ಸರ್. ಕೆಎ ಸರಣಿ ಬರುವುದಕ್ಕೂ ಹಿಂದಿನ ಮೂರಕ್ಷರದ ನಂಬರ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಂತಹ ಗಾಡಿಗಳ ಬೆಲೆ ಏರುತ್ತಲೇ ಇದೆ. ಅದರಲ್ಲೂ ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವ ನಂಬರೇ ಎಂಜಿನ್ ಮೇಲೆಯೂ ಚಾಸಿ ಮೇಲೆಯೂ ಇದ್ದರೆ ಕೇಳುವುದೇ ಬೇಡ. ನಮ್ಮದರಲ್ಲಿ ಮೂರೂ ಹೊಂದುತ್ತಿದ್ದವು.

ಕಾಗದಪತ್ರ ಸರಿಮಾಡಿಸಲು ಮಡಿಕೇರಿಯ ಸಾರಿಗೆ ಕಚೇರಿಗೆ ನಾಲ್ಕು ಬಾರಿ ಅಲೆದಿದ್ದೆ. ಅಪ್ಪ ತೀರಿಕೊಂಡಿದ್ದರಿಂದ 31ನೇ ನಮೂನೆ ಕೊಟ್ಟು ಗಾಡಿಯನ್ನು ಮೊದಲು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾಯಿತು. ಹಳೆಯ ರಿಜಿಸ್ಟರಿನಲ್ಲಿ ಕೈಬರಹದಲ್ಲಿದ್ದ ವಿವರ ಕಂಪ್ಯೂಟರಿಗೆ ಏರಿತು. ತಪಾಸಣೆ ಮುಗಿದು ನೋಂದಣಿ ಮತ್ತೆ ಐದು ವರ್ಷಕ್ಕೆ ನವೀಕರಣವಾಯಿತು. ಕಾಗದ ಚೊಕ್ಕಟವಾಗಿದ್ದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ ಎಂದುಕೊಂಡೆ. ಆ ಚೊಕ್ಕಟ ಕಾಗದಕ್ಕೇ ಹೊಂಚು ಹಾಕುವವರು ಇದ್ದಾರೆ ಎಂಬುದು ಹೊಳೆಯಲಿಲ್ಲ.

ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಹರಾಜಿಗೆ ಹಾಕಿದೆ. ಫೋಟೋಗಳ ಜೊತೆಗೆ ಆರ್‌ಸಿ, ಎಂಜಿನ್ ನಂಬರ್, ಚಾಸಿ ನಂಬರ್ ಎಲ್ಲವನ್ನೂ ಸ್ಪಷ್ಟವಾಗಿ ಕಾಣುವಂತೆ ಏರಿಸಿದೆ. ಇದು ನನ್ನ ಮೊದಲ ತಪ್ಪು. ಮೂರನೆಯ ದಿನ ಒಬ್ಬ ಮುಂಗಡ ಕಳುಹಿಸುತ್ತೇನೆಂದು ಹೇಳಿ, ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಿ ಎಂದ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಅಷ್ಟು ನನಗೆ ಗೊತ್ತಿತ್ತು. ಅವನನ್ನು ದೂರವಿಟ್ಟೆ. ಮೋಸವನ್ನು ಗುರುತಿಸಬಲ್ಲೆ ಎಂಬ ಧೈರ್ಯ ಆ ದಿನವೇ ನನ್ನಲ್ಲಿ ಹೊಕ್ಕಿತು.

ಹರಾಜಿನ ಸವಾಲು (ಬಿಡ್) ಕೊನೆಯ ಒಂದು ಗಂಟೆಯಲ್ಲಿ ಒಂದೂವರೆ ಲಕ್ಷದಿಂದ 2,60,000ಕ್ಕೆ ಏರಿತು. ಗೆದ್ದವನು ಫೋನ್ ಎತ್ತಲೇ ಇಲ್ಲ. ಎರಡು ದಿನ ಕಳೆದ ಮೇಲೆ ಎರಡನೆಯ ಸವಾಲಿನವನು ನೇರವಾಗಿ ನನಗೇ ಕರೆ ಮಾಡಿದ. "ಅಂಕಲ್, ಅವನು ಬರುವುದಿಲ್ಲ. ನಾನು 2,35,000 ಕೂಗಿದ್ದೆ, ಅದಕ್ಕೆ ಈಗಲೂ ಸಿದ್ಧ. ಹರಾಜಿನವರಿಗೆ ಸುಮ್ಮನೆ ಕಮಿಷನ್ ಏಕೆ ಕೊಡುತ್ತೀರಿ?" ಎಂದ. ಗೆದ್ದವನೂ ಇವನೂ ಒಂದೇ ಗುಂಪಿನವರು ಎಂದು ಈಗ ನಂಬಿದ್ದೇನೆ. ಬೇರೆಯವರ ಸವಾಲುಗಳನ್ನು ಕೆಳಗೆ ತಳ್ಳುವುದು, ಆಮೇಲೆ ಮಾರುವವನನ್ನು ಹರಾಜಿನಿಂದ ಹೊರಗೆ ಎಳೆದುಕೊಳ್ಳುವುದು. ಹೊರಗೆ ಬಂದ ಮೇಲೆ ನಮಗೂ ಅವನಿಗೂ ನಡುವೆ ಸಾಕ್ಷಿಯೇ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ಪಿಕಪ್ ತಂದ. ಗಾಡಿಯ ಬಗ್ಗೆ ತಿಳಿದವನಂತೆ ಮಾತನಾಡಿದ, ಅಪ್ಪನ ಫೋಟೋಗೆ ಕೈ ಮುಗಿದ, ನನ್ನ ತಾಯಿ ಕೊಟ್ಟ ಕಾಫಿ ಕುಡಿದ. ಒಂದೂವರೆ ಲಕ್ಷ ಕೊಟ್ಟ. ಉಳಿದ 85,000 ಆರ್‌ಸಿ ತನ್ನ ಹೆಸರಿಗೆ ಆದ ದಿನ ಎಂದ. ನ್ಯಾಯವಾಗಿಯೇ ಕಂಡಿತು. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದೆ; ಕೊಳ್ಳುವವನ ಹೆಸರು, ದಿನಾಂಕ ಎರಡೂ ಖಾಲಿ. ಮೂಲ ಆರ್‌ಸಿಯನ್ನೂ ಕೊಟ್ಟೆ. ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ ಹಿಂದಿನ ದಿನವೇ, "ಅಣ್ಣ, ಖಾಲಿ ಫಾರಂಗೆ ಮಾತ್ರ ಸಹಿ ಹಾಕಬೇಡಿ" ಎಂದಿದ್ದ. ಮನೆಗೆ ಬಂದ ಮನುಷ್ಯನನ್ನು ಅನುಮಾನಿಸುವುದು ಹೇಗೆ ಎಂದು ಆ ಮಾತನ್ನು ಬದಿಗಿಟ್ಟೆ.

ಒಂದು ತಿಂಗಳಿಗೆ ಅವನ ಫೋನ್ ಸ್ವಿಚ್ ಆಫ್ ಆಯಿತು. 85,000 ಹೋಯಿತು ಎಂದು ನುಂಗಿಕೊಂಡು ಸುಮ್ಮನಾದೆ.

ಜನವರಿಯಲ್ಲಿ, ಕಣದಲ್ಲಿ ಕಾಫಿ ಹರಡಿಸುತ್ತಿದ್ದಾಗ, ಗಡಿಯಾಚೆ, ಕೇರಳದ ಪೊಲೀಸ್ ಠಾಣೆಯೊಂದರಿಂದ ಕರೆ ಬಂತು. ನನ್ನ ನಂಬರಿನ ಬೈಕ್ ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರಿಗೆ ಗುದ್ದಿದೆ, ಅವರ ತೊಡೆಯ ಮೂಳೆ ಮುರಿದಿದೆ, ಓಡಿಸುತ್ತಿದ್ದವನು ಗಾಡಿ ಬಿಟ್ಟು ಓಡಿದ್ದಾನೆ. ಮಾಕುಟ್ಟದ ಘಾಟಿ ಇಳಿದು ಹೋದೆ. ಠಾಣೆಯ ಅಂಗಳದಲ್ಲಿ ನಿಂತಿದ್ದದ್ದು ನಮ್ಮ ಜಾವಾ ಅಲ್ಲ. ಅದೊಂದು ಯೆಜ್ಡಿ ರೋಡ್‌ಕಿಂಗ್, ಅದೇ ಕಾರ್ಖಾನೆಯ ನಂತರದ ಬೈಕ್. ರೋಡ್‌ಕಿಂಗ್ ಮಾರುಕಟ್ಟೆಗೆ ಬಂದದ್ದೇ 1978ರಲ್ಲಿ. ಅದರ ಮೇಲೆ ಅಪ್ಪನ ಗಾಡಿಯ ನಂಬರ್ ಪ್ಲೇಟ್, ಚಾಸಿಯನ್ನು ಉಜ್ಜಿ ಹೊಡೆದ ನಮ್ಮದೇ ಸಂಖ್ಯೆ.

ಅವರಿಗೆ ಗಾಡಿಗಿಂತ ಮುಖ್ಯವಾಗಿ ಬೇಕಿದ್ದದ್ದು ಕಾಗದ. ದಾಖಲೆ ಇಲ್ಲದ, ಬಹುಶಃ ಕದ್ದ, ಒಂದು ಗಾಡಿಗೆ ಜೀವಂತ ಆರ್‌ಸಿ ಸಿಕ್ಕಿತು. ನಮ್ಮ ಜಾವಾ ಬಿಡಿಭಾಗಗಳಾಗಿ ಹಂಚಿಹೋಗಿರಬೇಕು. ಅಪ್ಪ ವಾರಕ್ಕೊಮ್ಮೆ ಬಟ್ಟೆ ಹಿಡಿದು ಒರೆಸುತ್ತಿದ್ದ ಗಾಡಿ ಅದು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಮಾರಿಬಿಟ್ಟಿದ್ದೇನೆ, ನನಗೂ ಅದಕ್ಕೂ ಸಂಬಂಧವಿಲ್ಲ ಎಂದು ಠಾಣೆಯಲ್ಲಿ ಹೇಳಿದೆ. ವಕೀಲರು ತಿದ್ದಿದರು. ಗಾಡಿ ಎಷ್ಟು ಕೈ ಬದಲಾಯಿಸಿದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮೂರನೆಯವರ (ಥರ್ಡ್ ಪಾರ್ಟಿ) ವಿಮೆಯ ಅವಧಿ ಡಿಸೆಂಬರಿನಲ್ಲಿ ಮುಗಿದಿತ್ತು. ಮಾರಿದ ಗಾಡಿಗೆ ನಾನೇಕೆ ಕಟ್ಟಲಿ ಎಂದು ಬಿಟ್ಟಿದ್ದೆ. ಗಾಡಿಯೇ ಬೇರೆ ಎಂದು ತೋರಿಸಲು ಈಗ ಹಳೆಯ ಫೋಟೋಗಳನ್ನು, ತಪಾಸಣೆಯ ಕಾಗದಗಳನ್ನು ಹೊತ್ತು ತಿಂಗಳಿಗೆರಡು ಬಾರಿ ಘಾಟಿ ಇಳಿಯುತ್ತಿದ್ದೇನೆ. ಆ ವೃದ್ಧರನ್ನು ಆಸ್ಪತ್ರೆಯಲ್ಲಿ ನೋಡಿ ಬಂದೆ. ಅವರ ಮಗಳು ನನ್ನನ್ನು ನೋಡಿದ ನೋಟ ಮರೆಯಲಾಗುತ್ತಿಲ್ಲ.

ಹಾಗಾಗಿ ಕೈಮುಗಿದು ಕೇಳುತ್ತೇನೆ. ಫೋಟೋ ಹಾಕುವಾಗ ಆರ್‌ಸಿಯನ್ನೂ ಎಂಜಿನ್, ಚಾಸಿ ನಂಬರಿನ ಕೊನೆಯ ಅಂಕಿಗಳನ್ನೂ ಮುಚ್ಚಿ. ನೋಡಬೇಕೆನ್ನುವವರು ಮನೆಗೆ ಬಂದು ನೋಡಲಿ. ಹರಾಜಿನ ಹೊರಗೆ ವ್ಯವಹಾರಕ್ಕೆ ಕರೆಯುವವನನ್ನು ಅಲ್ಲಿಗೇ ಬಿಡಿ. ಪೂರ್ತಿ ಹಣ ನಿಮ್ಮ ಖಾತೆಗೆ ಬಂದಿದೆಯೇ ಎಂದು ಬ್ಯಾಂಕಿನಲ್ಲೇ ನೋಡಿಕೊಳ್ಳಿ, ಅವನು ತೋರಿಸುವ ಸ್ಕ್ರೀನ್‌ಶಾಟ್‌ನಲ್ಲಲ್ಲ. ನಮೂನೆಗಳಲ್ಲಿ ಕೊಳ್ಳುವವನ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿ ಮಾಡಿ. ಮಾರಾಟವಾದ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕಾದವರು ಮಾರಿದವರೇ. ನಾನು ಅದನ್ನು ಅವನ ಕೈಗೆ ಬಿಟ್ಟೆ. ಹೊರರಾಜ್ಯದವನಾದರೆ 28ನೇ ನಮೂನೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರುವವರೆಗೆ ಗಾಡಿ ನಿಮ್ಮ ಶೆಡ್ಡಿನಲ್ಲೇ ಇರಲಿ. ಅವನಿಗೆ ಅವಸರವಿದ್ದರೆ ಬೇರೆ ಗಾಡಿ ನೋಡಿಕೊಳ್ಳಲಿ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ನನ್ನಂತೆ ಸುಮ್ಮನೆ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಕೋರಿಕೆ. ನಮ್ಮ ಜಾವಾದ ಕೆಂಪು ಟ್ಯಾಂಕಿನ ಎಡಬದಿಯಲ್ಲಿ, ಮೊಣಕಾಲಿನ ರಬ್ಬರಿಗೆ ಸ್ವಲ್ಪ ಮೇಲೆ, ನಿಂಬೆಹಣ್ಣಿನ ಗಾತ್ರದ ಒಂದು ತಗ್ಗು ಇದೆ. ನಾನು ಎಂಟು ವರ್ಷದವನಿದ್ದಾಗ ಗಾಡಿಯನ್ನು ಬೀಳಿಸಿ ಮಾಡಿದ್ದು. ಅಪ್ಪ ಅದನ್ನು ಕೊನೆಯವರೆಗೂ ಸರಿಮಾಡಿಸಲಿಲ್ಲ. ಅಂತಹ ಟ್ಯಾಂಕ್ ಎಲ್ಲಿಯಾದರೂ ಮಾರಾಟಕ್ಕೆ ಕಂಡರೆ ದಯವಿಟ್ಟು ಕೊಳ್ಳಬೇಡಿ. ಫೋಟೋ ತೆಗೆದಿಟ್ಟುಕೊಂಡು ಹತ್ತಿರದ ಠಾಣೆಗೆ ತಿಳಿಸಿ.