ದಾವಣಗೆರೆಯ ನರ್ಸಿಂಗ್ ಹೋಮಿನಲ್ಲಿ ಒಂಬತ್ತು ದಿನ: ಸಿಬ್ಬಂದಿಯ ಕೈಗಳ ಶುಚಿತ್ವ ಕಂಡಂತೆ

ತಾಯಿಯವರ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆಂದು ಈ ಬೇಸಿಗೆಯಲ್ಲಿ ದಾವಣಗೆರೆಯ ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಒಂಬತ್ತು ದಿನ ಇದ್ದೆ. ಬಿಲ್ಲು, ಕ್ಯಾಂಟೀನುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿನ ಸಿಬ್ಬಂದಿ ಕೈ ಶುಚಿಯಾಗಿಟ್ಟುಕೊಳ್ಳುವ ರೀತಿಯ ಕುರಿತು ಮಾತ್ರ. ಕೃತಕ ಕೀಲು ಕೂರಿಸಿದ ಜಾಗಕ್ಕೆ ಸೋಂಕು ತಗುಲಿದರೆ ವಾಸಿಯಾಗುವುದು ಬಹಳ ಕಷ್ಟವಾದ್ದರಿಂದ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತ ನನಗೆ ಇದಕ್ಕಿಂತ ದೊಡ್ಡ ವಿಷಯ ಬೇರೆ ಇರಲಿಲ್ಲ.

ಕೋವಿಡ್ ಮುಗಿದ ಮೇಲೆ, ಕಾಲಿನಿಂದ ಒತ್ತಿದರೆ ಗಾಳಿಯಷ್ಟೇ ಬರುವ ಸ್ಯಾನಿಟೈಸರ್ ಸ್ಟ್ಯಾಂಡುಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಇಲ್ಲಿ ಹಾಗಾಗಿರಲಿಲ್ಲ. ಪ್ರತಿ ಮಂಚದ ಕಂಬಿಗೂ ಹ್ಯಾಂಡ್‌ರಬ್ (ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣ) ಬಾಟಲಿ ತೂಗುಹಾಕಿ, ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿದ್ದರು; ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಇನ್‌ಚಾರ್ಜ್ ಸಿಸ್ಟರ್ ಒಂದೊಂದನ್ನೂ ಒತ್ತಿ ನೋಡಿ, ಖಾಲಿಯಾದದ್ದನ್ನು ನಿಂತಲ್ಲೇ ಬದಲಾಯಿಸುತ್ತಿದ್ದರು. ಮೊದಲು ತರಿಸುತ್ತಿದ್ದ ದ್ರಾವಣದಿಂದ ಕೈ ಉರಿದು ಬಿರುಕು ಬಿಡುತ್ತಿದ್ದುದರಿಂದ ಹುಡುಗಿಯರು ಅದನ್ನು ಮುಟ್ಟುತ್ತಲೇ ಇರಲಿಲ್ಲವೆಂದೂ, ಗ್ಲಿಸರಿನ್ ಬೆರೆತದ್ದು ಬಂದ ಮೇಲೆ ಬಳಕೆ ಹೆಚ್ಚಿತೆಂದೂ ಅವರೇ ತಿಳಿಸಿದರು. ಗೋಡೆಯ ಚಿತ್ರಪಟಕ್ಕಿಂತ ಕೈಗೆಟಕುವ ಬಾಟಲಿಯೂ, ಅದು ಬರಿದಾಗದಂತೆ ನೋಡಿಕೊಳ್ಳುವ ಒಬ್ಬರ ಹೊಣೆಯೂ ಇಲ್ಲಿ ಅಭ್ಯಾಸವನ್ನು ಉಳಿಸಿವೆ ಎಂಬುದು ನನಗೆ ಮನದಟ್ಟಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಕೈ ಶುಚಿ ಮಾಡಬೇಕಾದ ಐದು ಸಂದರ್ಭಗಳನ್ನು ಹೇಳುತ್ತದೆ: ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗ್‌ನಂಥ ಕೆಲಸದ ಮೊದಲು, ರಕ್ತ ಮೂತ್ರಾದಿಗಳು ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಮೊದಲ ನಾಲ್ಕನ್ನು ಹಗಲು ಪಾಳಿಯ ಸಿಸ್ಟರ್‌ಗಳು ತಪ್ಪಿಸಿದ್ದನ್ನು ನಾನು ಕಾಣಲಿಲ್ಲ. 20ರಿಂದ 30 ಸೆಕೆಂಡು, ಹೆಬ್ಬೆರಳನ್ನೂ ಉಗುರಿನ ತುದಿಗಳನ್ನೂ ಬಿಡದೆ ಉಜ್ಜುತ್ತಿದ್ದರು. ಐದನೆಯದು ಆಗಾಗ ಮರೆತುಹೋಗುತ್ತಿತ್ತು. ಒಂದು ರಾತ್ರಿಯಂತೂ, ಪಕ್ಕದ ಮಂಚದವರ ಮೂತ್ರದ ಚೀಲ ಖಾಲಿ ಮಾಡಿದ ಗ್ಲೌಸಿನಲ್ಲೇ ಒಬ್ಬರು ನಮ್ಮ ತಾಯಿಯ ಡ್ರಿಪ್ ಮುಟ್ಟಲು ಬಂದರು. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಗ್ಲೌಸ್ ಕಳಚಿ ಕೈ ಶುಚಿ ಮಾಡಿಕೊಳ್ಳಲೇಬೇಕು. "ಸಿಸ್ಟರ್, ಗ್ಲೌಸ್ ಬದಲಾಯಿಸಿ" ಎಂದಾಗ ಅವರು ಬೇಸರಿಸಿಕೊಳ್ಳದೆ ಹಾಗೆಯೇ ಮಾಡಿದರು. ರೋಗಿಯ ಕಡೆಯವರು ಅಂಜದೆ ಹೀಗೆ ಕೇಳಬಹುದಾಗಿದ್ದನ್ನು ನಾನು ಈ ಆಸ್ಪತ್ರೆಯ ಹೆಚ್ಚುಗಾರಿಕೆ ಎಂದೇ ಎಣಿಸುತ್ತೇನೆ.

ದೊಡ್ಡ ಕೊರತೆ ನೀರಿನದು. ಮಧ್ಯಾಹ್ನವಾಗುತ್ತಲೇ ವಾರ್ಡಿನ ನಲ್ಲಿ ನಿಂತು, ಬಕೆಟ್ಟು ಮಗ್ಗು ಬರುತ್ತಿದ್ದವು. ಕೈಗೆ ಕೊಳೆ ಅಂಟಿದ್ದು ಕಾಣುವಾಗಲೂ, ಕೆಲವು ಬಗೆಯ ಭೇದಿಯ ರೋಗಿಗಳನ್ನು ನೋಡಿಕೊಂಡಾಗಲೂ ಹ್ಯಾಂಡ್‌ರಬ್ ಸಾಲದು. ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಆಗ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಲೇಬೇಕು, ಅದಕ್ಕೆ 40ರಿಂದ 60 ಸೆಕೆಂಡು ಬೇಕು. ಬೇಸಿನ್ನಿನ ಪಕ್ಕದಲ್ಲಿ ಎಲ್ಲರೂ ಒರೆಸಿಕೊಳ್ಳುವ ಒಂದೇ ಒದ್ದೆ ಟವೆಲ್ ಇದ್ದುದು ಇನ್ನೊಂದು ತಪ್ಪು. ಎರಡರ ಕುರಿತೂ ದೂರು ಬರೆದುಕೊಟ್ಟೆ.

ಹದಿನಾಲ್ಕನೆಯ ದಿನ ಹೊಲಿಗೆ ತೆಗೆಸಲು ಹೋದಾಗ ಟವೆಲಿನ ಜಾಗದಲ್ಲಿ ಒರೆಸುವ ಕಾಗದ ಬಂದಿತ್ತು, ನಲ್ಲಿ ಮಾತ್ರ ಹಾಗೆಯೇ ಒಣಗಿತ್ತು. ಡ್ರೆಸ್ಸಿಂಗ್ ಕಲಿಯಲು ಬಂದಿದ್ದ ಹೊಸ ವಿದ್ಯಾರ್ಥಿನಿಗೆ ಇನ್‌ಚಾರ್ಜ್ ಸಿಸ್ಟರ್ ಬಳೆ, ಉಂಗುರ, ವಾಚುಗಳನ್ನು ತೆಗೆದಿಡಲು ಹೇಳಿ, ಆಮೇಲೆ ಮಂಚದ ಕಂಬಿಯ ಬಾಟಲಿಯತ್ತ ಕೈ ತೋರಿಸಿದರು.