ಜಿಮ್, ಆ್ಯಪ್, ಮೀನುಪೇಟೆ: ಮಳೆಗಾಲ ದಾಟಿದ್ದು ಯಾವುದು?

ಜನವರಿ 1, ದಸರಾ, ಯುಗಾದಿ. ಹದಿನೈದು ತಿಂಗಳಲ್ಲಿ ನಾನು ಮೂರು ಸಲ 'ಇವತ್ತಿನಿಂದ ಬೇರೆ ಮನುಷ್ಯಳು' ಅಂತ ತೀರ್ಮಾನ ಮಾಡಿದೆ. ಮೊದಲ ಸಲ ಜಿಮ್, ಎರಡನೇ ಸಲ ಮೊಬೈಲ್ ಆ್ಯಪ್, ಮೂರನೇ ಸಲ ಪಕ್ಕದ ಮನೆಯವಳ ಜೊತೆ ವಾಕಿಂಗ್. ಕಾರವಾರದಲ್ಲಿ ಇಂಥದ್ದನ್ನು ಜನವರಿಯಲ್ಲಿ ಅಳೆಯಬಾರದು, ಜೂನ್‌ನಲ್ಲಿ ಅಳೆಯಬೇಕು. ಆಗ ಉಳಿದದ್ದೇ ಲೆಕ್ಕ.

ಇದಕ್ಕೆಲ್ಲ ಕಾರಣ ಒಂದು ರಕ್ತಪರೀಕ್ಷೆ. ಎಚ್‌ಬಿಎ1ಸಿ 6.1 ಬಂದಿತ್ತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಇದು. 5.7ರಿಂದ 6.4ರವರೆಗೆ ಬಂದರೆ ಶುಗರ್ ಬಾಗಿಲಿಗೆ ಬಂದು ನಿಂತಿದೆ ಅಂತ ಅರ್ಥ. ಡಾಕ್ಟರು ಮಾತ್ರೆ ಕೊಡಲಿಲ್ಲ, 'ಸ್ವಲ್ಪ ಮೈ ಬಗ್ಗಿಸಿ' ಅಂದರು.

2024ರ ಜನವರಿ 1ಕ್ಕೆ ಜಿಮ್ ಸೇರಿದೆ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಕಡಿಮೆ ಅಂದರು, 9,000 ರೂಪಾಯಿ ಕಟ್ಟಿದೆ. ಒಟ್ಟು ಹೋಗಿದ್ದು 22 ದಿನ. ದಿನಕ್ಕೆ 409 ರೂಪಾಯಿ ಬಿತ್ತು! ಮೈಗೆ ನಿಜವಾದ ಕೆಲಸ ಸಿಕ್ಕಿದ್ದು ಮಾತ್ರ ಅಲ್ಲೇ. ಭಾರ ಎತ್ತಿದ ಮೇಲೆ ಬರುವ ಆ ಹಿತವಾದ ನೋವು ಬೇರೆ ಯಾವುದರಲ್ಲೂ ಬರಲಿಲ್ಲ. ಆದರೆ ಆಫೀಸು ಮುಗಿಸಿ, ಬಟ್ಟೆ ಬದಲಿಸಿ, ಸ್ಕೂಟಿ ಹತ್ತಿ ಮತ್ತೆ ಪೇಟೆಗೆ ಹೋಗಬೇಕು. ಒಂದು ದಿನ ಕುರ್ಚಿಯಲ್ಲಿ ಕೂತೆ, ಅಷ್ಟೇ. ಹತ್ತಿರವೇ ಇದ್ದು, ಟ್ರೇನರ್ ಪ್ರತಿ ಸಲ ಪ್ರೋಟೀನ್ ಪುಡಿ ಡಬ್ಬಿ ತೋರಿಸದೆ ಇದ್ದಿದ್ದರೆ ಇನ್ನೊಂದು ತಿಂಗಳು ಹೋಗುತ್ತಿದ್ದೆನೋ ಏನೋ.

ದಸರಾಕ್ಕೆ ಆ್ಯಪ್. ಪುಕ್ಕಟೆ, ದಿನಕ್ಕೆ 10,000 ಹೆಜ್ಜೆಯ ಗುರಿ. ಈ ಸಂಖ್ಯೆ ಯಾವುದೋ ವೈದ್ಯಶಾಸ್ತ್ರದಿಂದ ಬಂದದ್ದು ಅಂದುಕೊಂಡಿದ್ದೆ. ಅಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಮಾರಾಟಕ್ಕೆ ಬಂತು. ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಅಲ್ಲಿಂದ ಹರಡಿದ ಅಂಕಿ ಇದು. ಅದು ಗೊತ್ತಾಗುವ ಹೊತ್ತಿಗೆ ನಾನು ರಾತ್ರಿ ಹತ್ತು ಗಂಟೆಗೆ ಹಾಸಿಗೆಯಲ್ಲಿ ಕೂತು ಫೋನ್ ಅಲ್ಲಾಡಿಸುವ ಮಟ್ಟಕ್ಕೆ ಇಳಿದಿದ್ದೆ. ಮದುವೆಗೆಂದು ಸಿರ್ಸಿಗೆ ಹೊರಟಾಗ ದೇವಿಮನೆ ಘಾಟಿಯಲ್ಲಿ ಬಸ್ಸು ಕುಲುಕಿದ್ದನ್ನೂ ಅದು ಹೆಜ್ಜೆ ಅಂತ ಎಣಿಸಿತು, ಪುಣ್ಯಾತ್ಮ. ಮದುವೆಮನೆಯಲ್ಲಿ ಚಾರ್ಜ್ ಹೋಯಿತು. 33 ದಿನ ಬಿಡದೆ ಗುರಿ ಮುಟ್ಟಿದ ಸಾಲು ಮುರಿದು ಪರದೆಯ ಮೇಲೆ ದೊಡ್ಡ ಸೊನ್ನೆ ಬಂತು. ಆ ಸೊನ್ನೆ ನೋಡಿ ನನಗೆ ನಿಜಕ್ಕೂ ಅಳು ಬಂತು, ಮರುದಿನ ಆ್ಯಪ್ ತೆಗೆದುಹಾಕಿದೆ.

ಅದು ಎಷ್ಟು ಸುಮ್ನೆ ದುಃಖ ಅಂತ ಆಮೇಲೆ ತಿಳಿಯಿತು. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತಾರಲ್ಲ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಅದನ್ನೇ ಪರೀಕ್ಷಿಸಿದ್ದರು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಅನ್ನುವ ಅಂದಾಜು. ನಡುವಿನ ಲೆಕ್ಕ 66 ದಿನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಇಲ್ಲವಂತೆ. ನನ್ನ ಆ್ಯಪ್‌ಗೆ ಇದನ್ನು ಯಾರೂ ಹೇಳಿರಲಿಲ್ಲ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಬೇವುಬೆಲ್ಲ ಕೊಡೋಕೆ ಪಕ್ಕದ ಮನೆಗೆ ಹೋದಾಗ ಅವಳೇ, 'ನಾಳೆಯಿಂದ ನನ್ನ ಜೊತೆ ಬಾ ಮಾರಾಯ್ತಿ' ಅಂದಳು. ಅವಳು ಕೋಡಿಬಾಗದಿಂದ ಟ್ಯಾಗೋರ್ ಬೀಚಿನ ಗುಂಟ ನಡೆದು ಮೀನುಪೇಟೆಗೆ ಹೋಗುವವಳು. ನಾನು ಘಟ್ಟದವಳು, ಮೀನು ತಿನ್ನೋದಿಲ್ಲ. ಆದರೂ ಹೊರಟೆ. ಹೋಗೋಕೆ ನಲವತ್ತು ನಿಮಿಷ. ಒಣ ಮರಳಿನಲ್ಲಿ ನಡೆದು ಮೊದಲ ವಾರ ಮೀನಖಂಡ ಹಿಡಿದುಕೊಂಡಿತು. ಅಲೆ ಹೋಗಿ ಗಟ್ಟಿಯಾದ ಒದ್ದೆ ಮರಳಲ್ಲಿ ನಡೆಯಬೇಕು ಅಂತ ಅವಳೇ ಕಲಿಸಿದಳು. ದಡದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಚಾಪೆಲ್ ಯುದ್ಧನೌಕೆ ಕಂಡ ಮೇಲೆ ಮಾತು ಜಾಸ್ತಿ, ನಡಿಗೆ ಕಡಿಮೆ. ಪೇಟೆಯಲ್ಲಿ ನಾನು ಗಾಳಿ ಬರುವ ಕಡೆ ನಿಂತುಕೊಳ್ಳುತ್ತಿದ್ದೆ. ಬಂಗಡೆ ಯಾವುದು, ತಾರ್ಲೆ ಯಾವುದು, ಇಸ್ವಾಣಕ್ಕೆ ಯಾಕೆ ಅಷ್ಟು ರೇಟು, ಎಲ್ಲ ಕಲಿತೆ. ಬರುವಾಗ ಚೀಲ ಭಾರ, ಆಟೊ. ವಾರಕ್ಕೆ ಐದು ದಿನ ಅಂದರೆ 200 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಕನಿಷ್ಠ 150. ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಬಂದಷ್ಟು ಖುಷಿ.

ಮೂರರಲ್ಲಿ ಇದೇ ಗೆದ್ದಿತು ಅಂತ ಬರೆಯುತ್ತಿದ್ದೆ, ಮಳೆ ಬಾರದಿದ್ದರೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಅದರ ಬೆನ್ನಿಗೆ ನಮ್ಮಲ್ಲೂ ಸುರಿಯಿತು. ನನ್ನ 66 ದಿನ ಇನ್ನೂ ತುಂಬಿರಲಿಲ್ಲ. ಕೊಡೆ ಹಿಡಿದಾದರೂ ಹೋಗೋಣ ಅಂದರೆ ಜೂನ್ 1 ಬಂತು. ಅಲ್ಲಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. 'ಮನೆಯಲ್ಲಿ ಒಣಮೀನು ಇದೆ, ಪೇಟೆಗೆ ಯಾಕೆ ಬರಲಿ?' ಅಂದಳು. ಅವಳು ಇಷ್ಟು ದಿನ ನಡೆದದ್ದು ಮೀನಿಗಾಗಿ, ನಾನು ನಡೆದದ್ದು ಅವಳಿಗಾಗಿ. ನನ್ನ ನಡಿಗೆಗೆ ಸ್ವಂತ ಕಾಲೇ ಇರಲಿಲ್ಲ ನೋಡಿ.

ನಾಲ್ಕನೆಯದು ಹುಟ್ಟಿದ್ದು ಅಡುಗೆಮನೆಯಲ್ಲಿ. ಬೆಳಿಗ್ಗೆ ಕುಕ್ಕರ್ ಇಟ್ಟು ಸುಮ್ಮನೆ ನಿಲ್ಲುವ ಬದಲು ಹಜಾರದಲ್ಲಿ ಸೂರ್ಯನಮಸ್ಕಾರ ಶುರುಮಾಡಿದೆ. ಮೂರು ಸೀಟಿ ಆಗುವವರೆಗೆ, ಸುಮಾರು ಹನ್ನೆರಡು ನಿಮಿಷ. ಸೂರ್ಯ ಕಾಣದೆ ವಾರ ಆಗಿತ್ತು, ಅದು ಬೇರೆ ಮಾತು. ವಾರಕ್ಕೆ 84 ನಿಮಿಷ, 150ಕ್ಕೆ ಏನೂ ಸಾಲದು. ಜಿಮ್ಮಿನ ಭಾರ ಇಲ್ಲ, ಬೀಚಿನ ಗಾಳಿ ಇಲ್ಲ, ಫೋಟೊ ಹಾಕಿಕೊಳ್ಳೋಕಂತೂ ಏನೇನೂ ಇಲ್ಲ. ಆದರೆ ಅನ್ನ ಮಾಡದ ದಿನ ನಮ್ಮ ಮನೆಯಲ್ಲಿ ಇಲ್ಲವಲ್ಲ! ಕರೆಂಟು ಹೋದರೂ ಕುಕ್ಕರ್ ಕೂಗುತ್ತದೆ. ಎರಡು ದಿನ ಜ್ವರ ಬಂದು ಬಿಟ್ಟಿದ್ದೆ, ಮೂರನೇ ದಿನ ಸೀಟಿ ಕೇಳಿದ ಕೂಡಲೇ ಕೈ ತಾನಾಗಿ ಮೇಲೆ ಹೋಯಿತು.

ಊಟದಲ್ಲೂ ಒಂದು ಹೋಲಿಕೆ ನಡೆಯಿತು. ರಾತ್ರಿ ಅನ್ನ ಪೂರ್ತಿ ಬಿಟ್ಟು ಚಪಾತಿ ತಿಂದು ನೋಡಿದೆ, ಒಂಬತ್ತೇ ದಿನ. ಚಪಾತಿಗೆ ಒಂದೆಲಗದ ತಂಬುಳಿ ಹಚ್ಚಿಕೊಂಡು ತಿನ್ನೋಕೆ ಆಗುತ್ತಾ? ಈಗ ಒಂದೇ ಸೌಟು ಅನ್ನ, ಉಳಿದ ತಂಬುಳಿ ಲೋಟದಲ್ಲಿ. ಚಹಾದ ಸಕ್ಕರೆ ಅರ್ಧ ಮಾಡಿದೆ. ಜುಲೈ ಕೊನೆಗೆ ಎಚ್‌ಬಿಎ1ಸಿ 5.8 ಬಂತು. ಅದರಲ್ಲಿ ಮೀನುಪೇಟೆಯ ಪಾಲೆಷ್ಟು, ಕುಕ್ಕರಿನ ಪಾಲೆಷ್ಟು, ಸೌಟಿನ ಪಾಲೆಷ್ಟು ಅಂತ ಬಿಡಿಸಿ ಹೇಳೋಕೆ ನನ್ನಿಂದ ಆಗದು.

ಹೊಸದಾಗಿ ಶುರುಮಾಡುವವರು ಯಾವುದನ್ನು ಹಿಡಿಯಲಿ ಅಂತ ಕೇಳಿದರೆ, ನಾನು ಮೊದಲು ಕುಕ್ಕರಿನದ್ದು ಹೇಳುತ್ತೇನೆ, ಆಮೇಲೆ ಜೊತೆಗಾರ್ತಿ. ದುಡ್ಡು ಮಿಕ್ಕಿದ್ದರೆ, ಮನೆ ಪಕ್ಕದಲ್ಲೇ ಇದ್ದರೆ ಜಿಮ್, ಅದೂ ತಿಂಗಳ ಲೆಕ್ಕದಲ್ಲಿ. ಆ್ಯಪ್ ನನಗಂತೂ ಬೇಡ.

ಆಗಸ್ಟ್ ಮೊದಲ ವಾರ, ಇನ್ನೂ ಜಿಟಿಜಿಟಿ ಮಳೆ. ಪಕ್ಕದವಳು ಕೊಡೆ, ಚೀಲ ಹಿಡಿದು ಗೇಟಿನಲ್ಲಿ ನಿಂತು ಕೂಗಿದಳು, 'ದೋಣಿ ಬಂದಿದೆಯಂತೆ, ಹೊರಡು!'

ಎರಡು ಸೀಟಿ ಆಗಿತ್ತು. ಇನ್ನೊಂದು ಆಗಲಿ, ಬಂದೆ ಅಂದೆ.