ಮಳೆಗಾಲದ ಅಟ್ಟಕ್ಕೆ ಗಾಳಿಯಾಡದ ಒಳಚೀಲ: ಬೂಷ್ಟಿನ ವಿಷವನ್ನು ಎಷ್ಟು ತಡೆಯುತ್ತದೆ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಡಿಕೇರಿ, ಭಾಗಮಂಡಲ ಕಡೆ ಬರೀ ಗೋಣಿಯಲ್ಲಿಟ್ಟ ಕಡಲೆಕಾಯಿ, ಒಣಮೆಣಸಿನಕಾಯಿ, ಕರಿಮೆಣಸು ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ. ಗೋಣಿ ತೇವ ತಡೆಯುವುದಿಲ್ಲ. ಗೋಣಿಯೊಳಗೆ ಹಾಕುವ, 50 ಕೆಜಿ ಹಿಡಿಯುವ, ಹಲವು ಪದರದ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಈ ಕೊರತೆಯನ್ನು ನಿಜಕ್ಕೂ ನೀಗುತ್ತದೆ. ಧಾರಾಳವಾಗಿ ಕೊಳ್ಳಬಹುದು, ಮಾಲು ಸರಿಯಾಗಿ ಒಣಗಿದ್ದರೆ ಮಾತ್ರ.

ಹೊರಗಿನ ತೇವ ಒಳಗೆ ಬರುವುದಿಲ್ಲ. ಒಳಗಿನ ಆಮ್ಲಜನಕವನ್ನು ಕಾಳು, ಹುಳುಗಳೇ ಉಸಿರಾಡಿ ಮುಗಿಸುತ್ತವೆ; ಹುಳು ಸಾಯುತ್ತದೆ, ಬೂಷ್ಟಿನ ಬೆಳವಣಿಗೆ ಕುಂಠಿತವಾಗುತ್ತದೆ.

ಇಷ್ಟು ಎಚ್ಚರ ಏಕೆಂದರೆ, ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಕಡಲೆಕಾಯಿ, ಮೆಕ್ಕೆಜೋಳ, ಮೆಣಸಿನಕಾಯಿಗಳಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಬಿಡುತ್ತದೆ. ಅದನ್ನು ಹೊರಹಾಕಲು ಹೊರಟ ಲಿವರ್‌ನ ಕಿಣ್ವಗಳೇ ಅದನ್ನು ಇನ್ನೂ ಉಗ್ರ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರ್‌ವರೆಗೂ ಹೋಗಬಹುದು. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಹಲವು ಪಟ್ಟು. ರೋಗನಿರೋಧಕ ಶಕ್ತಿ ಕುಗ್ಗುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಒಮ್ಮೆಲೇ ಹೆಚ್ಚು ಸೇರಿದರೆ ಏನಾಗುತ್ತದೆಂಬುದಕ್ಕೆ 1974ರಲ್ಲಿ ರಾಜಸ್ಥಾನದ ಬನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತದ್ದೇ ಸಾಕ್ಷಿ. ಕಾಫಿಯಲ್ಲಿ ಕಾಡುವುದು ಓಕ್ರಾಟಾಕ್ಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ. ಅದರ ಮುಖ್ಯ ಪೆಟ್ಟು ಕಿಡ್ನಿಗೆ.

ತುಂಬುವ ಮುನ್ನ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್‌ನಲ್ಲಿ ನೋಡಿ: ಕರಿಮೆಣಸು ಶೇ. 11, ರೋಬಸ್ಟಾ ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಶೇ. 11, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಶೇ. 10, ಕಡಲೆಬೀಜ ಶೇ. 7ರಿಂದ 8. ಇದಕ್ಕಿಂತ ಹೆಚ್ಚಿದ್ದರೆ ಕಣಕ್ಕೇ ವಾಪಸ್ ಹರಡಿ. ಮೀಟರ್‌ನಲ್ಲಿ ಆಯಾ ಬೆಳೆಯ ಸೆಟ್ಟಿಂಗ್ ಆರಿಸದಿದ್ದರೆ ಅಂಕಿಯೇ ಸುಳ್ಳು. ಬಿಸಿಲಿನಿಂದ ಎತ್ತಿದ ಬಿಸಿ ಮಾಲನ್ನು ನೇರ ತುಂಬಬೇಡಿ. ರಾತ್ರಿಯ ತಂಪಿಗೆ ಒಳಗೋಡೆಯಲ್ಲಿ ನೀರು ಹನಿಗಟ್ಟಿ ಮೇಲಿನ ಪದರಕ್ಕೇ ಮೊದಲು ಬೂಷ್ಟು ಬರುತ್ತದೆ. ತುಂಬಿದ ಮೇಲೆ ಗಾಳಿ ಒತ್ತಿ ತೆಗೆದು, ಬಾಯಿಯನ್ನು ಬಿಗಿಯಾಗಿ ತಿರುಚಿ, ತಿರುಚಿದ್ದನ್ನು ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಗೋಣಿಯ ಬಾಯಿ ಬೇರೆಯಾಗಿ ಕಟ್ಟಬೇಕು. ಚೀಲ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ.

ದೊಡ್ಡ ಕೊರತೆ ತೂತು. ಇಲಿ ಕಡಿದರೆ, ಗೋಣಿಯ ಕಡ್ಡಿ ಚುಚ್ಚಿದರೆ ಚೀಲ ಇದ್ದೂ ಇಲ್ಲದಂತೆ. ತುಂಬುವ ಮೊದಲು ಗಾಳಿ ಹಿಡಿದು ಒತ್ತಿ ನೋಡುವುದು ಕಡ್ಡಾಯ. ದಿನಬಳಕೆಗಂತೂ ಇದು ಬೇಡ. ದಿನಾ ಬಾಯಿ ಬಿಚ್ಚಿದರೆ ಕೊಡಗಿನ ಆಷಾಢದ ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ವಾಸಿ.

ಆಗಲೇ ಸೇರಿದ ವಿಷವನ್ನು ಈ ಚೀಲ ತೆಗೆಯುವುದಿಲ್ಲ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗದು; ಬೂಷ್ಟು ಒರೆಸಿ ಬಿಸಿಲಿಗೆ ಹಾಕಿದರೂ ಉಳಿದೇ ಇರುತ್ತದೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿ ಬೀಜಗಳನ್ನು ಆರಿಸಿ ಎಸೆಯಿರಿ. ಹಸುವಿಗೂ ಹಾಕಬೇಡಿ, ಆ ವಿಷ ಅಫ್ಲಾಟಾಕ್ಸಿನ್ ಎಂ1 ಎಂಬ ಇನ್ನೊಂದು ರೂಪವಾಗಿ ಹಾಲಿನಲ್ಲಿ ವಾಪಸ್ ಬರುತ್ತದೆ.